ಅರ್ಥಿಂಗ್ ಮಾವ

ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದರೆ ಆಫ್ ಆಗುತ್ತಿದೆ ಎಂಬ ಮಾತನ್ನು ಮನೆಯಲ್ಲಿ ಜೋರಾಗಿ ಆಡಬಾರದು. ಆಡಿದರೆ ಸಂಜೆಯೊಳಗೆ ಅರ್ಥಿಂಗ್ ಮಾವ ಬಂದುಬಿಡುತ್ತಾರೆ. ಯಾರೂ ಕರೆದಿರುವುದಿಲ್ಲ. ಅಮ್ಮ ಫೋನಿನಲ್ಲಿ ಉಪ್ಪಿನಕಾಯಿ ವಿಷಯ ಮಾತಾಡುತ್ತಾ ಬಾಯಿತಪ್ಪಿ ಹೇಳಿರುತ್ತಾರೆ, ಅಷ್ಟೆ.

ಇಂಥ ಮಾವ ನಮ್ಮೊಬ್ಬರ ಆಸ್ತಿಯಲ್ಲ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಹೆಚ್ಚುಕಡಿಮೆ ಪ್ರತಿ ಕುಟುಂಬಕ್ಕೂ ಒಬ್ಬರಿದ್ದಾರೆ. ಎಚ್‌ಎಂಟಿ, ಐಟಿಐ, ಬಿಇಎಲ್ ಇಂಥ ಕಡೆ ಶಿಫ್ಟ್ ಮಾಡಿ ನಿವೃತ್ತರಾದವರು. ಅಂಗಿಯ ಜೇಬಿನಲ್ಲಿ ಪೆನ್ನು, ಪೆನ್ನಿನ ಪಕ್ಕ ಟೆಸ್ಟರ್. ಪೆನ್ನು ಬರೆಯದೇ ಇರಬಹುದು. ಟೆಸ್ಟರಿನ ಒಳಗಿನ ಪುಟ್ಟ ನಿಯಾನ್ ದೀಪ ಮಾತ್ರ ಸದಾ ಸಿದ್ಧ. ಲೋಕದಲ್ಲಿ ಏನು ಕೆಟ್ಟರೂ ಅವರ ಪ್ರಕಾರ ಕಾರಣ ಒಂದೇ, ಆ ಮನೆಗೆ ಅರ್ಥಿಂಗ್ ಸರಿಯಿಲ್ಲ. ಮಿಕ್ಸಿಯಿಂದ ಸುಟ್ಟ ವಾಸನೆ ಬಂದರೂ ಅರ್ಥಿಂಗ್, ಟ್ಯೂಬ್‌ಲೈಟ್ ಮಿಣುಕಿದರೂ ಅರ್ಥಿಂಗ್. ನೆಂಟರ ಪೈಕಿ ಒಂದು ಹುಡುಗಿಯ ಮದುವೆ ಮಾತುಕತೆ ಮುರಿದುಬಿದ್ದಾಗ, ಗಂಡಿನ ಮನೆಯ ಸ್ವಿಚ್‌ಬೋರ್ಡ್ ನೋಡಿಕೊಂಡು ಬಂದವರು ಇವರೇ ಎಂಬ ಗುಮಾನಿ ನಮ್ಮಲ್ಲಿ ಇಂದಿಗೂ ಇದೆ.

ನಮ್ಮ ಪುಟ್ಟಿ ಮನೆಯಿಂದಲೇ ಕೆಲಸ ಮಾಡುವವಳು. ಮೀಟಿಂಗ್ ನಡುವೆ ಬ್ಯಾಟರಿ ಇಳಿಯಿತೆಂದು ಚಾರ್ಜರ್ ಸಿಕ್ಕಿಸುತ್ತಾಳೆ, ಸ್ವಲ್ಪ ಹೊತ್ತಿಗೆ ಪರದೆ ಕಪ್ಪು. ಚಾರ್ಜರ್ ಕಿತ್ತರೆ ಚೆನ್ನಾಗಿ ನಡೆಯುತ್ತದೆ, ಬ್ಯಾಟರಿ ಮುಗಿಯುವ ತನಕ. ಅನ್ನ ಇಕ್ಕಿದರೆ ಮೂರ್ಛೆ ಹೋಗುವ ಕಾಯಿಲೆ ಇದು.

ಮಾವ ಬಂದವರೇ ಲ್ಯಾಪ್‌ಟಾಪಿನ ಮುಖ ನೋಡಲಿಲ್ಲ. ಗೋಡೆ ನೋಡಿದರು. ಮೇಜಿನ ಕೆಳಗೆ ತೂರಿ ಪ್ಲಗ್ಗು ನೋಡಿದರು. ಚಾರ್ಜರನ್ನು ಕೈಯಲ್ಲಿ ಹಿಡಿದು, ಕನ್ನಡಕ ಹಣೆಗೇರಿಸಿ, ಫೋನಿನ ಟಾರ್ಚ್ ಬಿಟ್ಟು, ಕಪ್ಪು ಡಬ್ಬಿಯ ಮೇಲೆ ಬೂದು ಬಣ್ಣದಲ್ಲಿ ಅಚ್ಚಾದ ಇರುವೆಸಾಲನ್ನು ಓದಿದರು.

“ಇನ್‌ಪುಟ್ 100ರಿಂದ 240 ವೋಲ್ಟ್ ಅಂತ ಬರ್ದಿದಾನೆ. ನಿಮ್ಮನೇಲಿ ರಾತ್ರಿ ಹೊತ್ತು 250 ದಾಟತ್ತೆ. ನಾನು ನೋಡಿದೀನಿ.”

“ನೀನು ಯಾವಾಗ ನೋಡಿದ್ಯೋ?” ಎಂದರು ಅಮ್ಮ.

“ಗೃಹಪ್ರವೇಶದ ದಿನ, ಅಕ್ಕ.”

ಔಟ್‌ಪುಟ್ ಸಾಲಿಗೆ ಬರುವ ಹೊತ್ತಿಗೆ ಕಾಫಿ ಬಂತು. ಆ ಸಾಲು ಹಾಗೇ ಉಳಿಯಿತು.

ಕಾಫಿ ಮುಗಿಸಿ ಜೇಬಿನಿಂದ ಟೆಸ್ಟರ್ ತೆಗೆದು, ಹಿಂಬದಿಯ ಲೋಹದ ತುದಿಗೆ ಹೆಬ್ಬೆರಳು ಒತ್ತಿ, ಲ್ಯಾಪ್‌ಟಾಪಿನ ಮೈಯಲ್ಲಿದ್ದ ಒಂದು ಸ್ಕ್ರೂಗೆ ಮುಟ್ಟಿಸಿದರು. ನಿಯಾನ್ ಕೆಂಪಗೆ ಹತ್ತಿಕೊಂಡಿತು. ಮಾವನ ಮುಖವೂ. “ನೋಡ್ದ್ಯಾ ಪುಟ್ಟಿ! ಮೈಯೆಲ್ಲಾ ಕರೆಂಟು!”

ಪುಟ್ಟಿ ಹೌದೆಂದು ತಲೆಯಾಡಿಸಿದಳು. ಕೈ ಇಟ್ಟಾಗ ಜುಮ್ಮೆನ್ನುತ್ತಿತ್ತಂತೆ, ಚಾರ್ಜಿನಲ್ಲಿದ್ದಾಗ ಪರದೆಯ ಮೇಲಿನ ಬಾಣ ತಾನಾಗಿಯೇ ಕುಣಿಯುತ್ತಿತ್ತಂತೆ. ಇದರಲ್ಲಿ ಸುಳ್ಳೇನಿಲ್ಲ. ಇಂಥ ಚಾರ್ಜರುಗಳ ಒಳಗೆ ಗದ್ದಲ ಅಡಗಿಸಲು ಸಣ್ಣ ಕೆಪಾಸಿಟರುಗಳಿರುತ್ತವೆ. ಭೂಮಿಯ ದಾರಿ ಸಿಗದಿದ್ದರೆ ಅವು ಒಂದಿಷ್ಟು ಕರೆಂಟನ್ನು ಯಂತ್ರದ ಮೈಗೆ ಸೋರಿಸುತ್ತವೆ. ಟೆಸ್ಟರ್ ಹತ್ತಲು ಅಷ್ಟು ಸಾಕು. ಅದಕ್ಕೂ ಲ್ಯಾಪ್‌ಟಾಪ್ ಆಫ್ ಆಗುವುದಕ್ಕೂ ಸಂಬಂಧವಿದೆಯೇ ಎಂದು ಕೇಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ಮುಂದಿನ ಚಿಕಿತ್ಸೆ ಹೊರಗೆ, ಕಾಂಪೌಂಡಿನ ಪಕ್ಕ. ಅರ್ಥ್ ಗುಂಡಿಗೆ ಇದ್ದಿಲು, ಉಪ್ಪು ತುಂಬುತ್ತಾರೆ. ಮಣ್ಣು ಒಣಗಿದರೆ ಅದು ಕೆಲಸ ಮಾಡುವುದು ಕಡಿಮೆ. ಆದ್ದರಿಂದ ಬೇಸಿಗೆಯಲ್ಲಿ ನೀರು ಹಾಕಬೇಕು. ಶಾಸ್ತ್ರ ಸರಿಯೇ. ಕಾಲ ಸರಿಯಿರಲಿಲ್ಲ. ಅದು 2024ರ ಬೇಸಿಗೆ. ಊರಿಗೆ ಊರೇ ಟ್ಯಾಂಕರಿನ ದಾರಿ ಕಾಯುತ್ತಿತ್ತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು. ಲ್ಯಾಪ್‌ಟಾಪಿಗೆ ಬಕೆಟ್ ನೀರು ಹಾಕಿದರೆ ಎಷ್ಟು ಎಂದು ಸಾರಿರಲಿಲ್ಲ. ಮಾವ ಸುರಿದೇಬಿಟ್ಟರು. ಪಕ್ಕದ ಮನೆಯವರು ಮಹಡಿಯಿಂದ ಬಗ್ಗಿ ನೋಡಿ, ಏನೂ ಕೇಳದೆ ಒಳಗೆ ಹೋದರು.

ನೀರು ಇಂಗುವ ತನಕ ಪುರುಸೊತ್ತು ಸಿಕ್ಕಿತಲ್ಲ, ಎದುರು ಪಕ್ಷದ ಸರದಿ. ನನ್ನ ತಮ್ಮ ಸಾಫ್ಟ್‌ವೇರಿನವನು, ಅವನಿಗೆ ಗೋಡೆಯ ಮೇಲೆ ನಂಬಿಕೆಯಿಲ್ಲ. ಅಪ್‌ಡೇಟ್ ಹಾಕಿದ, ಡ್ರೈವರ್ ಕಿತ್ತು ಮತ್ತೆ ಹಾಕಿದ. ಇವೆಂಟ್ ವ್ಯೂವರ್ ಎಂಬ ದಫ್ತರ ತೆರೆದು, ಕೆಂಪು ಗುರುತಿನ ಸಾಲೊಂದನ್ನು ಹಿಡಿದು, “ಸಿಕ್ತು! ಕರ್ನಲ್ ಪವರ್ 41!” ಎಂದ. ಹಾಗೆಂದರೇನೆಂದು ಅಮ್ಮ ಕೇಳಿದರು. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ನಿಂತುಹೋಗಿ ಮತ್ತೆ ಶುರುವಾಗಿದೆ ಎಂದರ್ಥವಂತೆ. “ಅದನ್ನೇ ಅಲ್ವೇನೋ ಅವಳು ಬೆಳಗ್ಗೆಯಿಂದ ಹೇಳ್ತಿರೋದು?”

ಮಾವ ಗೆದ್ದ ನಗೆ ನಕ್ಕು ಎರಡನೇ ಸಿದ್ಧಾಂತ ಮಂಡಿಸಿದರು. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ, ರಾತ್ರಿಯಿಡೀ ಚಾರ್ಜಿಗೆ ಹಾಕಬೇಕು. ಇಲ್ಲದಿದ್ದರೆ ಅದು ಅರ್ಧಕ್ಕೇ ನಿಲ್ಲುವುದನ್ನು ಕಲಿತುಬಿಡುತ್ತದೆ. ಈ ಮಾತು ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಲಿಥಿಯಂ ಅಯಾನ್ ಬ್ಯಾಟರಿ 1991ರಲ್ಲೇ ಮಾರುಕಟ್ಟೆಗೆ ಬಂದಾಯಿತು. ಅದಕ್ಕೆ ಪದೇಪದೇ ಪೂರ್ತಿ ಬರಿದಾಗುವುದೇ ಹಿಂಸೆ, ಸದಾ ನೂರಕ್ಕೆ ನೂರು ತುಂಬಿಕೊಂಡಿರುವುದೂ ಹಿಂಸೆ. ಅದಕ್ಕೇ ಈಗಿನ ಲ್ಯಾಪ್‌ಟಾಪುಗಳಲ್ಲಿ ಶೇ. 80ಕ್ಕೆ ನಿಲ್ಲಿಸುವ ಏರ್ಪಾಡಿರುವುದು. ಆದರೆ ಮಾವನ ಬ್ಯಾಟರಿ ಜ್ಞಾನ ಎಂಬತ್ತರ ದಶಕದಲ್ಲೇ ಪೂರ್ತಿ ಚಾರ್ಜ್ ಆಗಿ ನಿಂತಿತ್ತು.

ಒಂದು ಮಾತು ಹೇಳಬೇಕು. ಮಾವನಿಗೆ ಯಂತ್ರ ಸರಿಹೋಗಲಿ ಎಂಬ ಆಸೆ ಇಲ್ಲವೆಂದಲ್ಲ, ಆತುರವಿಲ್ಲ. ಬೇಗ ಸರಿಹೋದರೆ ಅವರ ಮುಖ ಬಾಡುತ್ತದೆ. ಅವರ ಸುಖವೆಲ್ಲ ಹುಡುಕಾಟದಲ್ಲಿ. ಹಾಗೆ ನೋಡಿದರೆ, ಮುಚ್ಚಳ ತೆಗೆಯುವ ಮೊದಲೇ “ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ” ಎನ್ನುವ ಅಂಗಡಿಯವರಿಗಿಂತ ಇವರು ಎಷ್ಟೋ ವಾಸಿ. ಒಂದು ಬಕೆಟ್ ನೀರು, ಎರಡು ಲೋಟ ಕಾಫಿ, ಇಷ್ಟರಲ್ಲಿ ಮುಗಿಯುತ್ತದೆ.

ಮುಗಿಸಿದ್ದು ಅಮ್ಮ. ಕಾಫಿ ಲೋಟ ಎತ್ತಿಕೊಳ್ಳಲು ಬಗ್ಗಿದವರು ಚಾರ್ಜರಿನ ವೈರು ಹಿಡಿದು ಎಳೆದರು. “ಇದಕ್ಕೆ ಕೆಂಪು ದಾರ ಕಟ್ಟಿದೀನಲ್ಲೋ. ಇದು ಹಳೇ ಚಿಕ್ಕ ಲ್ಯಾಪ್‌ಟಾಪಿಂದು. ಅದಲುಬದಲು ಆಗ್ಬಾರದು ಅಂತ ನಾನೇ ಕಟ್ಟಿದ್ದು. ಇವಳದ್ದು ಟಿವಿ ಹಿಂದೆ ಬಿದ್ದಿದೆ.”

ಕಾಫಿಯ ಕಾರಣಕ್ಕೆ ಉಳಿದುಹೋಗಿದ್ದ ಆ ಸಾಲನ್ನು ಈಗ ಓದಿದರು. ಔಟ್‌ಪುಟ್ 20 ವೋಲ್ಟ್, 2.25 ಆಂಪಿಯರ್. ಗುಣಿಸಿದರೆ 45 ವ್ಯಾಟ್. ಟಿವಿ ಹಿಂದಿನದರ ಮೇಲೆ 3.25 ಆಂಪಿಯರ್, ಅಂದರೆ 65. ಎರಡಕ್ಕೂ ಟೈಪ್‌-ಸಿ ಪಿನ್ನು, ನೋಡಲು ಅವಳಿಜವಳಿ. ಲ್ಯಾಪ್‌ಟಾಪು ಬ್ಯಾಟರಿಯಲ್ಲಿದ್ದಾಗ ಕೈ ಬಿಗಿಹಿಡಿದು ನಡೆಯುತ್ತದೆ. ಗೋಡೆಯಿಂದ ಕರೆಂಟು ಬಂತೆಂದು ಗೊತ್ತಾದೊಡನೆ ಒಂದನೇ ತಾರೀಕಿನ ಸಂಬಳದಾರನಂತೆ ಧಾರಾಳಿಯಾಗಿ ಪ್ರೊಸೆಸರಿನ ವೇಗ ಏರಿಸುತ್ತದೆ. ಆ ವೇಗಕ್ಕೆ 45 ವ್ಯಾಟ್ ಸಾಲದು, ಕೊರತೆಯನ್ನು ಬ್ಯಾಟರಿಯಿಂದ ಎಳೆಯುತ್ತದೆ. ಬ್ಯಾಟರಿ ಹೊಸದಾದರೆ ಹೇಗೋ ನಡೆಯುತ್ತಿತ್ತು. ಪುಟ್ಟಿಯದು ಸವೆದ ಬ್ಯಾಟರಿ. ವೋಲ್ಟೇಜು ಕುಸಿದು ಎಲ್ಲ ಕಪ್ಪು.

ದೊಡ್ಡ ಚಾರ್ಜರ್ ಹಾಕಿದರು. ಲ್ಯಾಪ್‌ಟಾಪು ಆಫ್ ಆಗಲಿಲ್ಲ. ತಮ್ಮ ಸುಮ್ಮನೆ ದಫ್ತರ ಮುಚ್ಚಿದ. ಮಾವ ಮಾತ್ರ ಸೋತವರಂತೆ ಕಾಣಲಿಲ್ಲ. “ಕರೆಂಟು ಸರಿಯಾಗಿ ಬರ್ತಿಲ್ಲ ಅಂತ ನಾನು ಬಂದ ತಕ್ಷಣ ಹೇಳ್ಲಿಲ್ವಾ?” ಎನ್ನುತ್ತಾ ಮೇನ್ ಆಫ್ ಮಾಡಿ ಸ್ವಿಚ್‌ಬೋರ್ಡ್ ಬಿಚ್ಚಿದರು. ಒಳಗೆ ಅರ್ಥಿಂಗಿನ ಹಸಿರು ವೈರು ಯಾವ ಸ್ಕ್ರೂಗೂ ಅಂಟದೆ ಬಿದ್ದುಕೊಂಡಿತ್ತು. ಮನೆ ಕಟ್ಟಿದಂದಿನಿಂದ ಹಾಗೇ ಇದ್ದಿರಬೇಕು. ಬಿಗಿದರು. ಜುಮ್ಮೆನ್ನುವುದು ನಿಂತಿತು, ಬಾಣದ ಕುಣಿತವೂ ನಿಂತಿತು. ಅಮ್ಮ ಮೊದಲ ಸಲ ಬಾಯಿ ಮುಚ್ಚಿಕೊಂಡರು.

ಈಗ ಈ ಕಥೆ ಮದುವೆಮನೆಗಳಲ್ಲಿ ಓಡಾಡುತ್ತಿದೆ. ಮಾವ ಹೇಳುವ ಪಾಠದಲ್ಲಿ ಕೆಂಪು ದಾರವಿಲ್ಲ, ಟಿವಿ ಇಲ್ಲ, 45 ವ್ಯಾಟ್ ಇಲ್ಲ. ಬಕೆಟ್ ಇದೆ, ಹಸಿರು ವೈರಿದೆ. ಮೊನ್ನೆ ಒಂದು ಛತ್ರದಲ್ಲಿ, ಪಂಕ್ತಿಗೆ ಪಾಯಸ ಬರುವ ಹೊತ್ತಿಗೆ ಇದನ್ನು ಮುಗಿಸುತ್ತಿದ್ದರು. ಪಕ್ಕದ ಎಲೆಯ ಹುಡುಗ, “ಅಂಕಲ್, ನನ್ನ ಫೋನ್ ಚಾರ್ಜಿಗೆ ಹಾಕಿದ್ರೆ ಪರದೆ ತಾನೇ ಒತ್ಕೊಂಡು ಯಾರ್ಯಾರಿಗೋ ಕಾಲ್ ಹೋಗತ್ತೆ” ಎಂದ. ಮಾವ ಬಡಿಸುವವನಿಗೆ ತಡೆಯಲು ಸನ್ನೆ ಮಾಡಿ, ಎಡಗೈಯಿಂದ ರೇಷ್ಮೆ ಜುಬ್ಬದ ಜೇಬು ತಡಕಿದರು. ಟೆಸ್ಟರ್ ಇತ್ತು.