ಸಟ್ಟುಗ ಕೆಳಗಿಡಿ

ಸುಮ್ಮನೆ ಕೂರುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇಲ್ಲ. ಕಾಲಿಂಗ್ ಬೆಲ್ ಹೊಡೆದುಕೊಳ್ಳಲಿ, ಹಾಲು ಉಕ್ಕಲಿ, ಒಣಹಾಕಿದ ಬಟ್ಟೆಯ ಮೇಲೆ ಮಳೆ ಸುರಿಯಲಿ, ಪೇಪರಿನಿಂದ ತಲೆ ಎತ್ತದ ಪುಣ್ಯಾತ್ಮ ಎಂದು ಹೆಂಡತಿಯ ತವರಿನವರೆಗೂ ನನ್ನ ಕೀರ್ತಿ ಹಬ್ಬಿದೆ. ಆಲೂಗಡ್ಡೆಯನ್ನು ಗರಿಗರಿಯಾಗಿ ಹುರಿಯಲು ಬೇಕಾದ ದೊಡ್ಡ ವಿದ್ಯೆಯೂ ಇದೇ, ಸುಮ್ಮನಿರುವುದು. ಅಲ್ಲೇ ನಾನು ಫೇಲು.

ಬಿಸಿ ಅನ್ನ, ತಿಳಿಸಾರು, ನಂಚಿಕೊಳ್ಳಲು ಹೊರಗೆ ಗರಿಗರಿ ಒಳಗೆ ಮೆತ್ತಗಿರುವ ಆಲೂಗಡ್ಡೆ: ಭಾನುವಾರದ ಈ ಭಾಗ್ಯದ ಉಸ್ತುವಾರಿಯನ್ನು ಯಾರೂ ಕೇಳದೆ ನಾನೇ ವಹಿಸಿಕೊಂಡೆ. ಕೆಲಸ ಶುರುವಾದದ್ದು ಮಾರ್ಕೆಟ್ಟಿನಲ್ಲಿ. ಹಾಸನದ ಕಡೆ ಮುಂಗಾರಿಗೆ ಹೆಚ್ಚಾಗಿ ಬಿತ್ತುತ್ತ ಬಂದದ್ದು ಕುಫ್ರಿ ಜ್ಯೋತಿ, 1968ರಲ್ಲಿ ಬಿಡುಗಡೆಯಾದ ತಳಿ. ಬಿತ್ತನೆಗಡ್ಡೆ ಜಲಂಧರದಿಂದ ಲಾರಿ ಹತ್ತಿ ಬರುತ್ತದೆ. ಹುರಿಯಲು ಅದಕ್ಕಿಂತ ಮೇಲು 1998ರ ಚಿಪ್ಸೋನಾ. ಚಿಪ್ಸಿಗೆಂದೇ ಬೆಳೆಸಿದ್ದು, ನೀರು ಕಡಿಮೆ, ಸಕ್ಕರೆ ಕಡಿಮೆ. ಇಷ್ಟನ್ನೂ ಓದಿಕೊಂಡು ಹೋಗಿ, "ಇದು ಜ್ಯೋತಿನೋ ಚಿಪ್ಸೋನಾನೋ?" ಎಂದು ತರಕಾರಿಯವಳನ್ನು ಕೇಳಿದೆ.

"ಸಾ, ಇದು ಆಲೂಗಡ್ಡೆ. ಕೆಜಿ ನಲವತ್ತು. ಬೇಕಾ, ಬ್ಯಾಡ್ವಾ?"

ಮನೆಗೆ ಬಂದವನೇ ಅಮ್ಮನಿಗೆ ಪಾಠ ಶುರು ಮಾಡಿದೆ. ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟರೆ ಅದರ ಪಿಷ್ಟ ಸಕ್ಕರೆಯಾಗಿ ತಿರುಗುತ್ತದೆ, ಹುರಿಯುವಾಗ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ, ಕಹಿಯೂ ಬರುತ್ತದೆ, ಅದಕ್ಕೇ ಅದನ್ನು ಹೊರಗೇ ಇಡಬೇಕು ಎಂದೆ. ಅಮ್ಮ ಮಂಚದ ಕೆಳಗಿನ ಬಿದಿರು ಬುಟ್ಟಿಯನ್ನು ಕಾಲಲ್ಲೇ ಈಚೆ ಎಳೆದು, "ಮತ್ತೆ ಇಷ್ಟು ವರ್ಷ ಇಲ್ಲಿಟ್ಟಿದ್ದು ನೋಡೋಕೆ ಚೆಂದ ಅಂತಲೇನೋ?" ಅಂದಳು.

ಹೆಚ್ಚಿದ ಹೋಳುಗಳನ್ನು ನೀರು ತಿಳಿಯಾಗುವವರೆಗೆ ತೊಳೆದೆ. ಉಪ್ಪು, ಚಿಟಿಕೆ ಅಡುಗೆ ಸೋಡಾ ಹಾಕಿ ಅರೆಬೇಯಿಸಿ ಬಸಿದೆ. ಸೋಡಾ ಬಿದ್ದರೆ ಹೋಳಿನ ಅಂಚು ಕರಗಿ ಮೈಯೆಲ್ಲ ತರಿತರಿಯಾಗುತ್ತದೆ; ಆಮೇಲೆ ಗರಿಗರಿ ಪದರ ಕಟ್ಟುವುದು ಆ ತರಿಯೇ. ಒದ್ದೆ ಇದ್ದರೆ ಎಲ್ಲ ವ್ಯರ್ಥ. ಮೈಮೇಲಿನ ನೀರು ಆರುವ ತನಕ ಹೋಳಿನ ಬಿಸಿ 100 ಡಿಗ್ರಿ ದಾಟುವುದಿಲ್ಲ, ಕೆಂಪಗಾಗಲು 140ರ ಹತ್ತಿರವಾದರೂ ಬೇಕು. ಹಾಗಾಗಿ ಫ್ಯಾನಿನ ಕೆಳಗೆ ನನ್ನ ಇಸ್ತ್ರಿ ಪಂಚೆ ಹಾಸಿ ಹೋಳುಗಳನ್ನು ಹರವಿದೆ. ಮದುವೆಮನೆಗೆ ಉಡಬೇಕೆಂದು ತೆಗೆದಿಟ್ಟಿದ್ದ ಪಂಚೆ ಎಂಬುದು ಆಮೇಲೆ ಗೊತ್ತಾಯಿತು.

ಕಬ್ಬಿಣದ ಬಾಣಲೆ ಕಾದಿತ್ತು. ಎಣ್ಣೆಗೆ ಬಿದ್ದ ಹೋಳುಗಳು ಚುರ್ರೆಂದವು. ಇನ್ನು ಮುಟ್ಟಬಾರದು. ಪದರ ಕಟ್ಟಿದ ಮೇಲೆ ಹೋಳು ತಾನಾಗಿಯೇ ತಳ ಬಿಡುತ್ತದೆ, ಮೊದಲೇ ಕೆದಕಿದರೆ ಪದರ ಬಾಣಲೆಗೆ, ಬೋಳುಗಡ್ಡೆ ನಮಗೆ. ಇದೆಲ್ಲ ನನಗೆ ಗೊತ್ತು, ನನ್ನ ಬಲಗೈಗೆ ಗೊತ್ತಿಲ್ಲ. ಹಾಲು ಉಕ್ಕಿದಾಗ ಏಳದ ಈ ಕೈ ಆಲೂಗಡ್ಡೆ ಎದುರು ಚುನಾವಣೆಗೆ ನಿಂತ ಅಭ್ಯರ್ಥಿಯ ಕೈಯಂತೆ ಆಡತೊಡಗಿತು.

"ರೀ, ಸಟ್ಟುಗ ಕೆಳಗಿಡಿ."

ಇಟ್ಟೆ. ಚಮಚ ತೆಗೆದುಕೊಂಡೆ.

"ಚಮಚಾನೂ."

ಇಕ್ಕಳ ಇತ್ತಲ್ಲ! ಒಂದೇ ಒಂದು ಹೋಳಿನ ತಳ ಹೇಗಿದೆ ನೋಡೋಣವೆಂದು ಎತ್ತಿದೆ. ಪಕ್ಕದ್ದಕ್ಕೆ ಬೇಜಾರಾಗಬಾರದೆಂದು ಅದನ್ನೂ ಎತ್ತಿದೆ. ಅಷ್ಟರಲ್ಲಿ ಅಮ್ಮ ಬಂದು, ಎಣ್ಣೆ ಸಿಡಿದು ಮಗನ ಮುಖ ಸುಟ್ಟೀತೆಂದು ಬಾಣಲೆಗೆ ತಟ್ಟೆ ಮುಚ್ಚಿದಳು. ಹಬೆ ಹೊರಗೆ ಹೋಗದೆ ಅಲ್ಲೇ ಮಳೆಗಾಲ ಶುರುವಾಯಿತು. ಊಟಕ್ಕೆ ಕುಳಿತಾಗ ಮಗ ತಟ್ಟೆ ನೋಡಿ, "ಅಪ್ಪಾ, ಇವತ್ತು ಪೂರಿ ಎಲ್ಲಿ?" ಅಂದ.

ಮುಂದಿನ ಭಾನುವಾರ ಹೋಳುಗಳು ಬಾಣಲೆಗೆ ಬಿದ್ದ ಕೂಡಲೇ ಹೆಂಡತಿ ನನ್ನ ಕೈಗೆ ಚೀಲ ಕೊಟ್ಟು, "ಕೊತ್ತಂಬರಿ ಮರೆತೆ, ತಂದುಬಿಡಿ" ಎಂದಳು. ತಿರುಗಿ ಬರುವಷ್ಟರಲ್ಲಿ ಆಲೂಗಡ್ಡೆ ಹೊಂಬಣ್ಣಕ್ಕೆ ತಿರುಗಿತ್ತು, ಕಚ್ಚಿದರೆ ಪಡಸಾಲೆಗೆ ಕೇಳುವಷ್ಟು ಗರಿಗರಿ. ಫ್ರಿಜ್ಜಿನಲ್ಲಿ ಅದಾಗಲೇ ಒಂದು ಕಟ್ಟು ಕೊತ್ತಂಬರಿ ಇತ್ತು. ಅಂದಿನಿಂದ ಆಲೂಗಡ್ಡೆ ಹುರಿಯುವ ದಿನವೆಲ್ಲ ನಮ್ಮ ಮನೆಯಲ್ಲಿ ಕೊತ್ತಂಬರಿಗೆ ಅಭಾವ.

ಮೊನ್ನೆ ಬೀಗರು ಊಟಕ್ಕೆ ಬಂದಿದ್ದರು. ಎರಡನೇ ಸಲ ಬಡಿಸಿಕೊಂಡು, "ಇದನ್ನ ಯಾರು ಮಾಡಿದ್ದು?" ಎಂದರು. ಪಿಷ್ಟ, ಸೋಡಾ, ಚಿಪ್ಸೋನಾ ಎಲ್ಲ ವಿವರಿಸಿ ನಾನೇ ಎಂದೆ.

"ಹೌದು," ಅಂದಳು ಹೆಂಡತಿ, ಸಾರು ಬಡಿಸುತ್ತಾ. "ಇವರು ಮನೇಲಿರಲಿಲ್ಲ."