ಬಾಗಲದಾಗಿನ ಕಾರು

ಹುಮನಾಬಾದಿನ ಹೆಣ್ಣಿನ ಮನೆ. ಸುಸಲಾದ ತಾಟು ಖಾಲಿಯಾಗಿತ್ತು. ಬಸವಕಲ್ಯಾಣದ ಗಂಡಿನ ತಂದೆಗೆ ಹಣೆ ತುಂಬ ವಿಭೂತಿ.

“ನಾವು ಶರಣರ ಊರಿನವ್ರು ಬೀಗರ, ಏನೂ ಕೇಳಂಗಿಲ್ಲ. ಬಾಗಲದಾಗ ಒಂದು ಕಾರ್ ನಿಂತರ ಸಾಕು.”

“ನಿಂದ್ರೂದಷ್ಟೇ ಆದ್ರ ಲೀಸ್ ತಗೊಂಡ್ರಾತ್ರಿ. ತಿಂಗಳಾ ರೊಕ್ಕ ಕಟ್ಟೂದು. ಇನ್ಶೂರನ್ಸ್, ಸರ್ವಿಸ್ ಎಲ್ಲಾ ಅದರಾಗೇ.”

“ಬಾಡಿಗಿ ಕಾರ್? ಕರೀ ಪ್ಲೇಟ್, ಹಳದಿ ಅಕ್ಷರ? ನಮಗ ಕೆಎ 56, ಬಿಳೀ ಪ್ಲೇಟೇ ಬೇಕ್ರಿ.”

“ಖರೀದಿ ಮಾಡಿ ಕೊಟ್ಟರ 1961ರ ವರದಕ್ಷಿಣೆ ಕಾಯ್ದೆ ಅಡ್ಡ ಬರತದಲ್ರಿ.”

“ನಾವೆಲ್ಲಿ ಕೇಳಿದ್ವಿ? ನೀವೇ ಪ್ರೀತಿಲೆ ಕೊಡ್ಲಕತ್ತೀರಿ.”

(ಪ್ರೀತಿಲೆ ಕೊಟ್ಟಿದ್ದನ್ನೂ ಪಟ್ಟಿ ಮಾಡಿಡಬೇಕೆಂದು 1985ರ ನಿಯಮ ಹೇಳುತ್ತದೆ. ಆ ಪಟ್ಟಿ ಬರೆದ ಬೀಗರನ್ನು ನಾನಂತೂ ಕಂಡಿಲ್ಲ.)

“ಲೀಸ್ ಮುಗದ ಮ್ಯಾಲ?”

“ವಾಪಸ್ ಕೊಡೂದು. ಮನಸಿದ್ರ ಮುಂದುವರಿಸೂದು.”

“ಛೇ! ಸಂಬಂಧ ಅಂದ್ರ ಲೈಫ್‌ಟೈಮ್ ಟ್ಯಾಕ್ಸ್ ಇದ್ದಂಗ್ರಿ. ಒಮ್ಮೆ ಕಟ್ಟಿದ್ರ ಮುಗೀತು.”

ಅಡುಗೆಮನೆಯಿಂದ ಹುಡುಗಿಯ ದನಿ: “ಅಪ್ಪಾ, ಹುಡುಗನ್ನೂ ಲೀಸಿಗೆ ಕೊಡತಾರೇನು ಕೇಳು. ಸರ್ವಿಸ್ ಯಾರ ಖರ್ಚಂತ?”