ಕೌದಿ ಹೊಲಿದವಳಿಗೆ ಡಾಲರ್ ಬಿಲ್ಲು

ಕಲಾ ಇತಿಹಾಸದ ಜರ್ನಲ್‌ಗಳಿಗೆ ಬೀಗ ಜಡಿದು ಕುಳಿತ ಪ್ರಕಾಶಕ ಮಹಾಶಯರಿಗೆ, ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯಿಂದ ಸಾಷ್ಟಾಂಗ ನಮಸ್ಕಾರ. ಉಭಯ ಕುಶಲೋಪರಿ ಸಾಂಪ್ರತ. ಇತ್ತ ಎಲ್ಲ ಕ್ಷೇಮ. ತಮ್ಮ ಕ್ಷೇಮವಂತೂ ಚಂದಾ ದರದಲ್ಲೇ ಕಾಣುತ್ತದೆ.

ವಿಷಯ ಕೌದಿಯದು. ಇಲ್ಲಿನ ಆಫ್ರಿಕಾ ಮೂಲದ ಸಿದ್ದಿ ಹೆಂಗಸರು ಹಳೆ ಸೀರೆ, ಅಂಗಿಗಳ ತುಂಡು ಕೂಡಿಸಿ ಹೊಲಿಯುವ ಕೌದಿಗೆ ಕವಂದಿ ಎನ್ನುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು ಇದರ ಕ್ರಮ. ಮೂಲೆಗಳಲ್ಲಿ ಬಟ್ಟೆ ಮಡಚಿ ಕೂರಿಸಿದ 'ಫೂಲ' ಇಲ್ಲದಿದ್ದರೆ ಕವಂದಿ ಬೆತ್ತಲೆ ಎಂದೇ ಲೆಕ್ಕ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದನ್ನು ಬಂದು ನೋಡಿದರು, ಹೊಲಿಯುವವರ ಸಹಕಾರಿ ಗುಂಪು ಕಟ್ಟಲು ನೆರವಾದರು. 2011ರಲ್ಲಿ ಕವಂದಿಗಳು ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದ ಗೋಡೆ ಏರಿದವು. ಇಲ್ಲಿ ಮಗುವಿಗೆ ಹೊದಿಸಿದ್ದು ಅಲ್ಲಿ ಕಲೆಯಾಯಿತು; ಸಂತೋಷವೇ.

ಆದರೆ ಇಂಥ ಕಲೆಯ ಮೇಲಿನ ಬರಹ ತಮ್ಮ ಕೈಗೆ ಸಿಕ್ಕಿತೆನ್ನಿ. ಹೊಲಿದವಳ ಮಗಳು ಮೊಬೈಲಿನಲ್ಲಿ ತೆರೆದರೆ ನಾಲ್ಕು ಸಾಲು ತೋರಿಸಿ, ಕೆಳಗೆ 30–40 ಡಾಲರ್ ಕೇಳುತ್ತೀರಿ. ಒಂದು ಲೇಖನಕ್ಕೆ! ಅಷ್ಟು ದುಡ್ಡಿದ್ದರೆ ಹಳಿಯಾಳದಲ್ಲಿ ಮನೆಮಂದಿಯ ವಾರದ ಸಂತೆ ಮುಗಿದು ಚಿಲ್ಲರೆಯೂ ಉಳಿದೀತು.

ಕೇಂದ್ರ ಸರ್ಕಾರ ಸುಮ್ಮನೆ ಕೂತಿಲ್ಲ. 2024ರ ನವೆಂಬರಿನಲ್ಲಿ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ 6,000 ಕೋಟಿ ಎತ್ತಿಟ್ಟಿತು: 30 ಪ್ರಕಾಶಕರು, ಸುಮಾರು 13,000 ಜರ್ನಲ್, ಸರ್ಕಾರಿ ವಿದ್ಯಾಸಂಸ್ಥೆಗಳವರಿಗೆ ಓದಲು. ಸರ್ಕಾರಿ ಕಾಲೇಜಿನ ಗೇಟಿನೊಳಗೆ ರಾಷ್ಟ್ರ; ಹೊರಗೆ ಸೂಜಿ ಹಿಡಿದು ಕೂತವಳು ಯಾವ ರಾಷ್ಟ್ರದವಳೋ, ಹೆಸರಿಟ್ಟವರೇ ಹೇಳಬೇಕು.

ಹಿಂದೆ ಕಾಗದದ ಖರ್ಚು ಎನ್ನುತ್ತಿದ್ದಿರಿ. ಆ ಕಥೆ ದಾಂಡೇಲಿಗೆ ಹೇಳಬೇಡಿ. 1955ರಲ್ಲಿ ಹುಟ್ಟಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿಗೆ ಈ ಕಾಡಿನ ಬಿದಿರು ಲಾರಿಗಟ್ಟಲೆ ಹೋದದ್ದು ಊರಿಗೇ ಗೊತ್ತು. ಈಗ ಎಲ್ಲ ಪಿಡಿಎಫ್, ದರ ಮಾತ್ರ ಇಳಿದಿಲ್ಲ. ಬೀಗ ತೆಗೆಯಿರಿ ಎಂದರೆ ಬರೆದವರಿಂದಲೇ ಸಾವಿರಾರು ಡಾಲರ್ ಕೇಳುತ್ತೀರಿ. ಚಿತ್ರವಿಲ್ಲದೆ ಕಲಾ ಇತಿಹಾಸವಿಲ್ಲ. ಆ ಚಿತ್ರ ಅಚ್ಚುಹಾಕಲು ಮ್ಯೂಸಿಯಮ್ಮುಗಳಿಗೆ ಬೇರೆ ದಕ್ಷಿಣೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ 3,75,000 ಚಿತ್ರಗಳನ್ನು ಪುಕ್ಕಟೆ ಬಿಟ್ಟುಕೊಟ್ಟಿತು. ಅದರಿಂದ ಮ್ಯೂಸಿಯಂ ಮುಳುಗಿದ ಸುದ್ದಿ ಬಂದಿಲ್ಲ. ಮುಳುಗಿದ್ದು ಜೋಯಿಡಾದ ಸೂಪಾ ಊರು, ಅದೂ ಅಣೆಕಟ್ಟಿನ ನೀರಿಗೆ.

ಬೀಗ ತೆಗೆದ ಮಾತ್ರಕ್ಕೆ ಬರಹ ಉಳಿಯುವುದಿಲ್ಲ, ಒಪ್ಪೋಣ. 2000ದಿಂದ 2019ರೊಳಗೆ 174 ಮುಕ್ತ ಜರ್ನಲ್‌ಗಳು ಅಂತರ್ಜಾಲದಿಂದ ಮಾಯವಾದವು. ಬೇರೆಡೆ ಪೂರ್ತಿ ಪ್ರತಿ ತೆಗೆದಿಟ್ಟವರಿರಲಿಲ್ಲ. ಪ್ರತಿ ಇಡುವುದೆಂದರೇನು ಎಂದು ನೋಡಲು ಮುಂಡಗೋಡಕ್ಕೆ ಬನ್ನಿ. 1966ರಿಂದ ಇರುವ ಟಿಬೆಟನ್ ಕಾಲೊನಿಯಲ್ಲಿ ಡ್ರೆಪುಂಗ್, ಗಾಂಡೆನ್ ಮಠಗಳಿವೆ. ಟಿಬೆಟ್ಟಿನಲ್ಲಿ ಗ್ರಂಥಗಳು ನಾಶವಾದಾಗ ಎಷ್ಟೋ ಉಳಿದದ್ದು ನಿರಾಶ್ರಿತರ ಹೆಗಲೇರಿ ಗಡಿ ದಾಟಿದ ಪ್ರತಿಗಳಿಂದ. ಅಮೆರಿಕದ ಜೀನ್ ಸ್ಮಿತ್ ದಿಲ್ಲಿಯಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಕಚೇರಿಯಲ್ಲಿದ್ದಾಗ ಅಂಥವನ್ನು ಹುಡುಕಿ ಮರುಮುದ್ರಣಕ್ಕೆ ದಾರಿ ಮಾಡಿದರು. ಲೈಬ್ರರಿ ಪ್ರತಿ ಕೊಳ್ಳುತ್ತಿದ್ದುದು ಪಿಎಲ್ 480ರ ರೂಪಾಯಿಯಲ್ಲಿ, ಅಂದರೆ ಅಮೆರಿಕ ಭಾರತಕ್ಕೆ ಮಾರಿದ ಗೋಧಿಯ ಹಣದಲ್ಲಿ. 1999ರಲ್ಲಿ ಸ್ಮಿತ್ ಸ್ಥಾಪಿಸಿದ ಸಂಸ್ಥೆ ಇಂದು ಲಕ್ಷಗಟ್ಟಲೆ ಪುಟಗಳನ್ನು ಕಾಸಿಲ್ಲದೆ ಓದಲು ಕೊಡುತ್ತಿದೆ. ಗೋಧಿಯ ಚಿಲ್ಲರೆಯಲ್ಲಿ ಆದದ್ದು ಇಷ್ಟು.

ಉತ್ತರ ಬರೆಯುವುದಾದರೆ ಕನ್ನಡದಲ್ಲೋ ಕೊಂಕಣಿಯಲ್ಲೋ ಬರೆಯಿರಿ, ಕವಂದಿ ಹೊಲಿದವಳಿಗೂ ತಿಳಿಯಲಿ. ಕಾಗದ ಸಾಲದಿದ್ದರೆ ದಾಂಡೇಲಿಯಿಂದ ಕಳಿಸಿಕೊಡೋಣ, ಡೌನ್‌ಲೋಡ್ ಶುಲ್ಕವಿಲ್ಲ.